ಹಾರಿದ್ದು ನದಿ, ಸಿಕ್ಕಿಬಿದ್ದದ್ದು ನೀನು

ನನ್ನ ಅಳತೆಗಾತಿಗೆ,

ಮೊದಲಿಗೆ, ಈ ಪತ್ರವನ್ನು ನಿನಗಿಂತ ಮುಂಚೆ ಓದಲಿರುವ ಎರಡೂ ದೇಶಗಳ ಮಹನೀಯರಿಗೆ ನಮಸ್ಕಾರಗಳು. ಗಂಡ ಹೆಂಡತಿಗೆ ಬರೆದದ್ದನ್ನು ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಓದುತ್ತಾರೆಂದು ಗೊತ್ತಿದ್ದರೆ, ಮದುವೆಯಾದ ಹೊಸದರಲ್ಲೇ ಇನ್ನೂ ನಾಲ್ಕು ಕಾಗದ ಹೆಚ್ಚಿಗೆ ಬರೆದಿಡುತ್ತಿದ್ದೆ.

ನಾಳೆ ಒಬ್ಬ ಡಾಕ್ಟರು ನಿನ್ನ ಉಸಿರಿನ ಔಷಧಿ ಹಿಡಿದುಕೊಂಡು ಗಡಿ ದಾಟುತ್ತಾರೆ. ಅವರು ಎರಡೂ ದೇಶಕ್ಕೆ ಸೇರಿದವರಲ್ಲ, ಆದ್ದರಿಂದ ಎರಡೂ ಕಡೆ ಅವರಿಗೆ ಮರ್ಯಾದೆ ಇದೆ. ಒಂದು ಕಾಗದ ಒಯ್ಯಲು ಒಪ್ಪಿದ್ದಾರೆ, ಆದರೆ ಅದರಲ್ಲಿ ನದಿಯ ಹೆಸರು ಇರಬಾರದಂತೆ. ನಾವಿಟ್ಟ ಹೆಸರು ಬರೆದರೆ ಆಚೆ ದೇಶದವರು ಹರಿದುಹಾಕುತ್ತಾರೆ, ಅವರಿಟ್ಟ ಹೆಸರು ಬರೆದರೆ ನಮ್ಮವರು. ನಮ್ಮ ನಕ್ಷೆಯಲ್ಲಿ ಅದು ಹೆಣ್ಣು, ಅವರ ನಕ್ಷೆಯಲ್ಲಿ ಗಂಡು. ಕೆಳಗೆ ಮೂರನೆಯ ದೇಶದಲ್ಲಿ ಸಮುದ್ರ ಸೇರುವ ಹೊತ್ತಿಗೆ ಜನ ಅದನ್ನು ಬರೀ ‘ದೊಡ್ಡ ನೀರು’ ಅನ್ನುತ್ತಾರೆಂದು ನೀನೇ ಹೇಳಿದ್ದೆ. ಅಷ್ಟು ದೂರ ಹರಿದು ಬಂದ ಮೇಲೆ ಹೆಸರಿಗಾಗಿ ಜಗಳ ಕಾಯುವ ತ್ರಾಣ ಯಾರಲ್ಲೂ ಉಳಿದಿರುವುದಿಲ್ಲವೇನೋ. ನಾನು ಮೇಲಿನ ಬೆಟ್ಟದಲ್ಲಿ ಕುರಿ ಕಾಯುವವರು ಇಟ್ಟ ಹೆಸರನ್ನೇ ಬಳಸುತ್ತೇನೆ: ಬಿಳಿಗರು, ಬಿಳಿಯ ಕರು. ಕುರಿ ಕಾಯುವವರ ಮೇಲೆ ಯಾವ ಸರ್ಕಾರಕ್ಕೂ ಇನ್ನೂ ಸಿಟ್ಟು ಬಂದಿಲ್ಲ.

ಕರು ಎಂದ ಮೇಲೆ ನೆಗೆಯದೆ ಇರುತ್ತದೆಯೇ? ನೆಗೆಯಿತು. ನಿಮ್ಮ ಭೂಮಾಪನ ತಂಡ ಮಲಗುವಾಗ ನದಿ ಡೇರೆಗಳ ಬಲಕ್ಕಿತ್ತು. ಪ್ರವಾಹ ಇಳಿದು ನೀವು ಕಣ್ಣುಜ್ಜಿಕೊಂಡು ಹೊರಗೆ ಬಂದಾಗ ಎಡಕ್ಕಿತ್ತು. ಗಡಿ ದಾಟಿದ ಅಪರಾಧಕ್ಕೆ ಈ ಲೋಕದಲ್ಲಿ ಬೇಕಾದಷ್ಟು ಜನ ಸಿಕ್ಕಿಬಿದ್ದಿದ್ದಾರೆ. ಕಂಬಳಿ ಹೊದ್ದು ಗೊರಕೆ ಹೊಡೆಯುತ್ತಾ ದಾಟಿದವರು ನೀವೇ ಇರಬೇಕು. ನೀನು ಗೊರಕೆ ಹೊಡೆಯುವುದಿಲ್ಲ ಎಂಬ ನಿನ್ನ ವಾದ ನನಗೆ ಗೊತ್ತು. ಇವತ್ತು ಅದನ್ನೂ ಒಪ್ಪಿಕೊಳ್ಳುತ್ತೇನೆ. ಇವತ್ತು ಏನನ್ನು ಬೇಕಾದರೂ ಒಪ್ಪಿಕೊಳ್ಳುವ ಸ್ಥಿತಿಯಲ್ಲಿದ್ದೇನೆ.

ನಿಮ್ಮ ತಂಡದ ಅಡುಗೆಯವರು ಬಿಡುಗಡೆಯಾಗಿ ಬಂದವರು ತಮ್ಮ ಮನೆಗೂ ಹೋಗದೆ ಸೀದಾ ನಮ್ಮಲ್ಲಿಗೆ ಬಂದರು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ನಾನು ಮಾಡಿದ ಟೀಯನ್ನು ಬಹಳ ದೊಡ್ಡ ಮನಸ್ಸಿನಿಂದ ಕುಡಿದು, ನಡೆದದ್ದನ್ನೆಲ್ಲ ಹೇಳಿದರು. ನದಿ ಎಷ್ಟೋ ವರ್ಷಗಳಿಂದ ಮೆಲ್ಲಮೆಲ್ಲನೆ ಸರಿದು ಈ ಜಾಗಕ್ಕೆ ಬಂದಿದೆ ಎಂಬ ಹೇಳಿಕೆಗೆ ಸಹಿ ಹಾಕಿದವರನ್ನು ಆಚೆ ದೇಶದವರು ಬಿಟ್ಟುಬಿಡುತ್ತಿದ್ದಾರೆ. ಅಡುಗೆಯವರು ಹಾಕಿದರು, ಸಾಮಾನು ಹೊರುವವರು ಹಾಕಿದರು.

“ಅಡುಗೆ ಮಾಡೋನಿಗೆ ನದಿ ಯಾವ ಕಡೆ ಹರಿದ್ರೇನು ಸಾರ್, ಪಾತ್ರೆ ತೊಳೆಯೋಕೆ ನೀರು ಸಿಕ್ರೆ ಸಾಕು. ಮೇಡಂ ಮಾತ್ರ ಪೆನ್ನು ಮುಟ್ಲಿಲ್ಲ” ಎಂದರು.

ಯಾಕೆ ಮುಟ್ಟಲಿಲ್ಲ ಎಂದು ನನಗೆ ವಿವರಿಸಬೇಕಾಗಿಲ್ಲ. ಒಂದು ಸಲ ನೀನು ನನ್ನ ಬೂಟಿನ ಲೇಸನ್ನು ಬಿಚ್ಚಿ, ಊಟದ ಮೇಜಿನ ಮೇಲೆ ಅಂಕುಡೊಂಕಾಗಿ ಹರಡಿ ಪಾಠ ಮಾಡಿದ್ದೆ. ಒಪ್ಪಂದದ ಪ್ರಕಾರ ನದಿ ತೆವಳಿದರೆ ಗಡಿಯೂ ಅದರ ಜೊತೆ ತೆವಳುತ್ತದೆ; ಒಂದೇ ಏಟಿಗೆ ಹಾರಿದರೆ ಗಡಿ ಹಳೆಯ ಒಣ ಪಾತ್ರದಲ್ಲೇ ಉಳಿಯುತ್ತದೆ. ಮೇಜಿನ ಮೇಲೆ ಬೂಟಿನ ಲೇಸು ಕಂಡು ಅತ್ತೆ ಮಗಳು, ಅಳಿಯ ಇಬ್ಬರಿಗೂ ಸೇರಿಸಿ ಬೈದಿದ್ದರು. ಈಗ ಹಳೆಯ ಪಾತ್ರಕ್ಕೂ ಹೊಸ ಪಾತ್ರಕ್ಕೂ ನಡುವೆ ನಾಲಿಗೆಯಂಥ ಒಂದು ತುಂಡು ನೆಲ ಇದೆ, ಅದರ ಮೇಲೆ ಕುರಿ ಕಾಯುವವರ ಹಟ್ಟಿ ಇದೆ. ತಂಡದ ಮುಖ್ಯಸ್ಥೆಯಾದ ನೀನು ‘ತೆವಳಿತು’ ಎಂದು ಸಹಿ ಹಾಕಿದರೆ ಆ ಹಟ್ಟಿಯವರು ಕೂತಲ್ಲೇ ಬೇರೆ ದೇಶದವರಾಗುತ್ತಾರೆ. ನಿನಗೆ ದಿನಾ ಹಾಲು ತಂದುಕೊಡುತ್ತಿದ್ದ ಅಜ್ಜಿಯ ಸೊಸೆ ಈಚೆ ದಂಡೆಯಲ್ಲೂ ಅಜ್ಜಿ ಆಚೆಯಲ್ಲೂ ಉಳಿಯುತ್ತಾರೆ. ಅವರ ಮುಖ ನಾನು ನೋಡಿಲ್ಲ, ಅದು ನನ್ನ ಅನುಕೂಲ. ನೀನು ನೋಡಿದ್ದೀಯ, ಅದು ನಿನ್ನ ತೊಂದರೆ.

ನಾನು ಇದನ್ನೇ ದೊಡ್ಡ ತಮಾಷೆ ಮಾಡಿ ಪತ್ರಿಕೆಗೆ ಬರೆಯಬಹುದಿತ್ತು. ಬರೆಯಲು ಕೂತೆ ಕೂಡ. ಆದರೆ ಅಡುಗೆಯವರು ಎದ್ದು ಹೊರಡುವಾಗ, ಚಪ್ಪಲಿ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದ ಮಾತು ಕಿವಿಯಿಂದ ಇಳಿಯುತ್ತಿಲ್ಲ: “ಕೆಮ್ಮು ಬಂದ್ರೆ ಗೋಡೆ ಹಿಡ್ಕೋತಾರೆ ಸಾರ್. ಆಮೇಲೆ ನಗ್ತಾರೆ, ನಾವು ಹೆದರಬಾರದು ಅಂತ.” ಮಂಜು ಬಿದ್ದು ಕಣಿವೆಯ ದಾರಿ ಮುಚ್ಚುವ ಮೊದಲು ನಿನ್ನನ್ನು ಅವರ ರಾಜಧಾನಿಗೆ ಸಾಗಿಸುತ್ತಾರಂತೆ. ಅಲ್ಲಿ ಗಡಿ ದಾಟಿದ ಆರೋಪ ಇರುವುದಿಲ್ಲ, ಬೇಹುಗಾರಿಕೆಯ ಆರೋಪ ಇರುತ್ತದೆ. ಸಹಿ ಹಾಕುತ್ತೇನೆಂದರೂ ಆಮೇಲೆ ಯಾರೂ ಪೆನ್ನು ಕೊಡುವುದಿಲ್ಲ.

ಅತ್ತೆಗೆ ಎಲ್ಲ ಹೇಳಿದೆ. “ಅವಳಪ್ಪನ ಥರಾನೇ. ಸಹಿ ಹಾಕಿ ಬಂದು, ಮನೇಲಿ ಕೂತ್ಕೊಂಡು ಸುಳ್ಳು ಅನ್ಲಿ, ಯಾರು ಬೇಡ ಅಂತಾರೆ?” ಎಂದರು. ಅಂಥ ರಾಜತಂತ್ರ ಎರಡೂ ಸರ್ಕಾರಗಳಿಗೆ ಹೊಳೆದಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಹೇಳಿ ಒಳಗೆ ಹೋದವರು ನಿನ್ನ ಉಣ್ಣೆಯ ಸ್ವೆಟರನ್ನು ಮಡಚುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಚುತ್ತಾರೆ. ಡಾಕ್ಟರು ಬಟ್ಟೆ ಒಯ್ಯುವ ಹಾಗಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ಆಮೇಲೆ ನಿನ್ನ ಇಲಾಖೆಯ ದೊಡ್ಡ ಅಧಿಕಾರಿಯನ್ನು ಕಾಣಲು ಹೋದೆ. ಅವರ ಕೋಣೆಯ ಗೋಡೆಯ ನಕ್ಷೆಯಲ್ಲಿ ಹೊಸ ಪಾತ್ರಕ್ಕೆ ಆಗಲೇ ನೀಲಿ ದಾರ ಎಳೆದು ಗುಂಡುಪಿನ್ನು ಚುಚ್ಚಿದ್ದಾರೆ. ನನ್ನನ್ನು ಕೂರಿಸಿ, ನಿನ್ನ ಬಗ್ಗೆ ಇಡೀ ಇಲಾಖೆಗೆ ಹೆಮ್ಮೆ ಇದೆ ಎಂದರು. ಅವಳು ಯಾವಾಗ ಬರುತ್ತಾಳೆ ಎಂದು ಕೇಳಿದೆ. ಅದಕ್ಕೆ ಉತ್ತರವಾಗಿ, ಹೊಸ ಪಾತ್ರಕ್ಕೆ ನಿನ್ನ ಹೆಸರನ್ನೇ ಇಡಲು ಸಮಿತಿ ಒಪ್ಪಿದೆ ಎಂದು ಹೇಳಿ, ನಾನು ಖುಷಿಪಡಲಿ ಎಂದು ಕಾದರು. ಸಾಮಾನ್ಯವಾಗಿ ಇಂಥ ಕಡೆ ನನಗೊಂದು ಜೋಕು ಹೊಳೆಯುತ್ತದೆ. ಹೊಳೆಯಲಿಲ್ಲ.

“ಬದುಕಿರೋರ ಹೆಸರು ಇಡೋದುಂಟಾ ಸಾರ್?” ಎಂದೆ.

ಅವರು ಮೇಜಿನ ಮೇಲಿದ್ದ ನೀರಿನ ಲೋಟದ ಮುಚ್ಚಳವನ್ನು ಸರಿಮಾಡಿದರು. “ನಿಯಮದಲ್ಲಿ ಇಲ್ಲ. ಅದಕ್ಕೇ ಮಂಜು ಬೀಳೋವರೆಗೂ ಕಾಯೋಣ ಅಂತಿದೀವಿ.”

ಅವರು ಕೆಟ್ಟವರಲ್ಲ ಕಣೇ. ಬಾಗಿಲವರೆಗೆ ಬಂದು ನನ್ನ ಭುಜ ತಟ್ಟಿ ಕಳಿಸಿದರು. ನಾನು ಮೆಟ್ಟಿಲಿಳಿದು, ಬಸ್ಸು ಹತ್ತುವುದನ್ನೂ ಮರೆತು, ಮನೆಯವರೆಗೂ ನಡೆದೇ ಬಂದೆ. ಆ ಕಡೆಯವರಿಗೆ ನಿನ್ನ ಸಹಿ ಬೇಕು, ಈ ಕಡೆಯವರಿಗೆ ನಿನ್ನ ಹೆಸರು ಬೇಕು. ನೀನೇ ಬೇಕಾಗಿರುವವರು ಈ ಎರಡು ದೇಶಗಳಲ್ಲಿ ಅತ್ತೆ ಮತ್ತು ನಾನು, ನಮ್ಮಿಬ್ಬರಿಗೆ ಯಾವ ಸಮಿತಿಯೂ ಇಲ್ಲ.

ಆದ್ದರಿಂದ ಬೇಡಿಕೊಳ್ಳುತ್ತೇನೆ, ಸಹಿ ಹಾಕು. ನದಿ ತೆವಳಿತು ಅನ್ನು, ಕುಂಟಿತು ಅನ್ನು, ಮೊದಲಿನಿಂದ ಅಲ್ಲೇ ಇತ್ತು ಅನ್ನು. ಇದು ಸರಿ ಎಂದು ನಾನು ವಾದಿಸುತ್ತಿಲ್ಲ. ಆ ಅಜ್ಜಿಯ ಎದುರು ನಿಂತು ವಾದಿಸುವ ಮುಖ ನನಗಿಲ್ಲ. ಪಾಪ ಬರುವುದಿದ್ದರೆ ನನ್ನ ತಲೆಗೆ ಬರಲಿ. ಇದನ್ನು ಓದುತ್ತಿರುವ ನಮ್ಮ ಕಡೆಯ ಮಹನೀಯರು ಅಷ್ಟನ್ನು ಗುರುತು ಹಾಕಿಕೊಳ್ಳಲಿ, ನಾನು ಮನೆಯಲ್ಲೇ ಇರುತ್ತೇನೆ, ಯಾವಾಗ ಬೇಕಾದರೂ ಬಂದು ಹಿಡಿಯಲಿ. ಸಹಿ ಹಾಕುವುದಿಲ್ಲ ಎಂದೇ ನೀನು ಹಟ ಹಿಡಿದರೆ, ನಿನ್ನನ್ನು ಬಲ್ಲವನು ನಾನು, ಬೈಯುವುದಕ್ಕೂ ಆಗುವುದಿಲ್ಲ. ಆದರೆ ನಕ್ಷೆಯಲ್ಲಿ ನಿನ್ನ ಹೆಸರು ನೋಡಿ ಹೆಮ್ಮೆಪಡು ಎಂದು ಮಾತ್ರ ನನಗೆ ಹೇಳಬೇಡ. ನಿನ್ನ ಹೆಸರು ಹಿಡಿದು ಕೂಗಿದರೆ ಪಕ್ಕದ ಕೋಣೆಯಿಂದ “ಏನ್ರೀ ಅದು, ಒಂದು ನಿಮಿಷ ಸುಮ್ನಿರಿ” ಎಂದು ಗದರುವ ದನಿ ಕೇಳಬೇಕು. ಅದು ನೀರಿಗೆ ಬರುವುದಿಲ್ಲ.

ನಿನ್ನ ಎದೆಯೊಳಗೆ ಗಾಳಿ ಸಲೀಸಾಗಿ ಆಡುತ್ತಿರಲಿ, ಯಾವ ದೇಶದ ಗಾಳಿಯಾದರೂ ಸರಿ.

ಬಾಗಿಲು ತೆರೆದಿಟ್ಟುಕೊಂಡಿರುವ,
ನಿನ್ನ ಗಂಡ