ಒಂದೇ ಸೀಮೆಯ ಸಂಬಂಧ

ಹುಬ್ಬಳ್ಳಿ, ೨೧೯೪ನೆಯ ಇಸವಿ, ಹದಿಮೂರನೆಯ ತಿಂಗಳು

ಪೂಜ್ಯ ನೀಲಾಂಬಿಕಾ ಅಜ್ಜಿಯವರಿಗೆ, ನಿಮ್ಮ ಏಳನೆಯ ತಲೆಮಾರಿನವಳಾದ ದಾಕ್ಷಾಯಣಿಯ ಶರಣು.

ಹದಿಮೂರನೆಯ ತಿಂಗಳೆಂದದ್ದಕ್ಕೆ ಗಾಬರಿಯಾಗಬೇಡಿ. ಬೇಸಿಗೆ ಹಿಗ್ಗಿತು, ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಟ್ಟೆವು. ಇನ್ನೂ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮನೆಯ ವಿಡಿಯೋಗಳನ್ನೆಲ್ಲ ಇಡಲು ನೀವು ಕ್ಲೌಡಿನಲ್ಲಿ ಜಾಗ ಬಾಡಿಗೆಗೆ ಹಿಡಿದಾಗ, ಯಾವ ರೀಜನ್, ಅಂದರೆ ಯಾವ ಪ್ರದೇಶದ ಕಟ್ಟಡಗಳು, ಬೇಕೆಂದು ಪರದೆ ಕೇಳಿತ್ತು. ನೀವು ಹತ್ತಿರದ್ದನ್ನೇ ಆರಿಸಿದಿರಿ. ಹತ್ತಿರವಿದ್ದರೆ ಬೇಗ ತೆರೆಯುತ್ತದೆ, ತಪ್ಪೇನಿಲ್ಲ. ಮೂರು ಕಟ್ಟಡಗಳಲ್ಲಿ ಪ್ರತಿಗಳಿರುತ್ತವೆಂಬ ಧೈರ್ಯವೂ ನಿಮಗಿತ್ತು. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೆರಡು ಇದ್ದವು, ನಿಜ. ಆದರೆ ಅಜ್ಜಿ, ಮೂರೂ ಒಂದೇ ಕಡಲ ದಂಡೆಯಲ್ಲಿದ್ದವು! ಕ್ಲೌಡಿಗೂ ನೆಲ ಬೇಕೆಂದು ನಿಮಗೆ ಯಾರೂ ಹೇಳಲಿಲ್ಲವೇ?

ಆ ರೀಜನ್ನನ್ನು ನಾವೀಗ ಸೀಮೆ ಎನ್ನುತ್ತೇವೆ. ನಮ್ಮದು ಪಡುಗಡಲ ಸೀಮೆ. ಒಂದು ಸೀಮೆಯ ನೆನಪು ಇನ್ನೊಂದಕ್ಕೆ ದಾಟಕೂಡದೆಂಬ ಕಾನೂನು ನನ್ನ ಮದುವೆಯಾದ ಮೇಲೆ ಬಂತು. ಅದಕ್ಕೂ ಮೊದಲು ಬೇರೆಡೆ ಪ್ರತಿ ಇಡಬಹುದಿತ್ತು, ನಾವ್ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮನೆಯಲ್ಲೇ ಇಟ್ಟುಕೊಳ್ಳೋಣವೆಂದರೆ ಅಂಥ ಯಂತ್ರಗಳು ಎಂದೋ ವಸ್ತುಸಂಗ್ರಹಾಲಯ ಸೇರಿವೆ. ಈಗ ನೆಂಟಸ್ತಿಕೆಯಾದರೆ ಮಾತ್ರ ಬೀಗರ ಸೀಮೆಯಲ್ಲಿ ನಮ್ಮದೊಂದು ಪ್ರತಿ ಇಡಬಹುದು. ಇದಕ್ಕೆ ಸೀಮೆಗೂಡಿಕೆ ಎಂದು ಹೆಸರು. ಹೀಗಾಗಿ ಹೆಣ್ಣು ನೋಡಲು ಬಂದವರು ಚಹಾ ಕುಡಿಯುವ ಮೊದಲೇ ಸೀಮೆ ಕೇಳುತ್ತಾರೆ. ಜಾತಕ ಕೂಡದಿದ್ದರೂ ನಡೆದೀತು, ಸೀಮೆ ಮಾತ್ರ ಒಂದೇ ಆಗಬಾರದು.

ಈ ವರ್ಷ ಕಡಲು ಕಟ್ಟಡಗಳ ಹೊಸ್ತಿಲಿಗೆ ಬಂದಿದೆ. ಸೀಮೆಯನ್ನೇ ಮುಚ್ಚುತ್ತಾರಂತೆ, ಒಳಗಿನದೆಲ್ಲ ಅದರೊಂದಿಗೇ ಹೋಗುತ್ತದೆ. ನನಗಿರುವವಳು ಒಬ್ಬಳೇ ಮಗಳು, ಮೃಡಾನಿ. ಅವಳು ಮೆಚ್ಚಿದ ಕಲ್ಲಿನಾಥನದೂ ಪಡುಗಡಲ ಸೀಮೆಯೇ. ಅಷ್ಟರಲ್ಲಿ ಮೂಡಣ ಸೀಮೆಯಿಂದ ಒಳ್ಳೆಯ ಸಂಬಂಧವೊಂದು ಕೇಳಿಕೊಂಡು ಬಂತು. ಮಕ್ಕಳಿಲ್ಲದ ನಮ್ಮಣ್ಣ ಪಟ್ಟು ಹಿಡಿದ: "ತಂಗಿ, ಹುಡುಗಿ ಇವತ್ತ ಅಳ್ತಾಳ, ನಾಳೆ ಮರೀತಾಳ. ವಿಡಿಯೋದಾಗಿನ ಹಿರ್ಯಾರ ಮಾರಿ ಒಮ್ಮೆ ಹೋತಂದ್ರ ಹೋತು." ಮೃಡಾನಿ ಅಳಲಿಲ್ಲ. "ಆಗ್ಲಿ ಬಿಡವ್ವಾ, ಮೂಡಣದವ್ರಿಗೇ ಹೂಂ ಅನ್ನು" ಎಂದು ತಲೆ ತಗ್ಗಿಸಿ ಬಟ್ಟೆ ಮಡಚತೊಡಗಿದಳು.

ಉಳಿಸಬೇಕಾದುದೇನೆಂದು ಕಣ್ಣಾರೆ ನೋಡೋಣವೆಂದು ನಿಮ್ಮ ಮದುವೆಯ ವಿಡಿಯೋ ತೆರೆದೆ. ಅಕ್ಷತೆ ಬೀಳುತ್ತಿದೆ, ನಿಮ್ಮಪ್ಪ ಎಲ್ಲರನ್ನೂ ನಗಿಸುತ್ತಿದ್ದಾರೆ. ನೀವು ಮಾತ್ರ ಒಮ್ಮೆಯೂ ತಲೆಯೆತ್ತಲಿಲ್ಲ. ಯಾರೋ ಗದ್ದ ಹಿಡಿದು ಮುಖ ಎತ್ತಿದರು, ಕೈಬಿಟ್ಟೊಡನೆ ಮತ್ತೆ ತಗ್ಗಿತು. ನಿಮ್ಮನ್ನು ಯಾರ ಸಲುವಾಗಿ ಒಪ್ಪಿಸಿದ್ದರೋ ನನಗೆ ತಿಳಿಯದು.

ಕಲ್ಲಿನಾಥನಿಗೇ ಹೂಂ ಎಂದಿದ್ದೇನೆ. ಅಣ್ಣ ನನ್ನೊಡನೆ ಮಾತು ಬಿಟ್ಟಿದ್ದಾನೆ.

ಈ ಪತ್ರ ಹೇಗಾದರೂ ನಿಮ್ಮ ಕೈ ಸೇರಿದರೆ, ಅಜ್ಜಿ, ದೂರದ ಇನ್ನೊಂದು ರೀಜನ್ನಿನಲ್ಲೂ ಒಂದು ಪ್ರತಿ ಇಡಿ; ಕಡಲು ಮುಟ್ಟದ, ಬೇರೆ ನದಿಯ ನಾಡಿನಲ್ಲಿ. ಅದಾಗದಿದ್ದರೆ ನನ್ನ ಮೇಲೆ ಸಿಟ್ಟಾಗಬೇಡಿ. ನಿಮ್ಮ ಆ ಮುಖವನ್ನು ಉಳಿಸಲೆಂದು ನನ್ನ ಮಗಳಿಗೂ ಅಂಥದೇ ಮುಖ ಕೊಡಲು ನನಗೆ ಮನಸ್ಸಾಗಲಿಲ್ಲ.