ನಾನು ಕಾಪಾಡಿದ ದೋಣಿ

ಕಂಪ್ಲಿ

ಅಕ್ಕಾ,

ಸಂಡೂರಿನ ಗಣಿ ಧೂಳಿನಲ್ಲಿ ಬೆಳೆದವಳನ್ನು ಹೊಳೆದಂಡೆಗೆ ಕೊಟ್ಟರೆ ಏನಾಗುತ್ತದೆ, ಕೇಳು! ನಿನ್ನೆ ಬಟ್ಟೆ ಒಗೆಯಲು ಹೋದರೆ ನಮ್ಮ ಮಾವನ ಮೀನಿನ ದೋಣಿ ದಡದ ಪಕ್ಕದಲ್ಲೇ ಮುಳುಗಿ ಕೂತಿದೆ! ಒಳಗೆ ಕಲ್ಲು ಹೇರಿದ ಪಾಪಿಯನ್ನು ಬೈಯುತ್ತ ಎಲ್ಲವನ್ನೂ ಹೊಳೆಗೆ ಎಸೆದೆ. ಕಬ್ಬಿನ ಟ್ರ್ಯಾಕ್ಟರಿನವರನ್ನು ಕೂಗಿ ಕರೆದು, ಹಗ್ಗ ಕಟ್ಟಿಸಿ ದೋಣಿಯನ್ನು ದಡಕ್ಕೆ ಎಳೆಸಿದೆ.

ಅಷ್ಟರಲ್ಲಿ ಮಾವ ಓಡಿ ಬಂದರು. "ಯವ್ವಾ, ಆ ಪಾಪಿ ನಾನ! ಚಳಿಗಾಲ ಮುಗಿಯೋತನ ಮೀನಿಗೆ ಹೋಗಂಗಿಲ್ಲ. ದಂಡಿಗಿಟ್ರ ಹಲಗಿ ಒಣಗಿ ಬಿರಿತಾವ, ಅದಕ್ಕ ಮುಳುಗಿಸಿಟ್ಟಿದ್ದೆ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರೋ ಹೊಟ್ಟೆ ಹಿಡಿದು ನಕ್ಕರು. "ಕಲ್ಲೆಲ್ಲ ನೀನ ಒಗದೀಯಲ್ಲ, ಈಗ ಕಲ್ಲಿನ ಬದ್ಲಿ ನೀನ ಕುಂದ್ರು!"

ದೋಣಿಯನ್ನು ಮತ್ತೆ ನೀರಿಗೆ ತಳ್ಳಿಸಿದರು. ಕುಳಿತೆ, ಅಕ್ಕಾ! ಭಾರ ಸಾಲದೆಂದು ಅತ್ತೆಯೂ ಹತ್ತಿದರು. ಮಾವ ಕೊಡದಿಂದ ದೋಣಿಯೊಳಗೆ ನೀರು ಸುರಿದರು. ಕಿರುಚುತ್ತ, ನಗುತ್ತ, ಅತ್ತೆ ಸೊಸೆ ಇಬ್ಬರೂ ಕುಳಿತಲ್ಲೇ ಎದೆಮಟ್ಟ ಮುಳುಗಿದೆವು.

ಈಗ ಸ್ವಲ್ಪ ನೆಗಡಿ, ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ. ಸೊಂಟಕ್ಕೆ ಸಿಕ್ಕಿಸಿದ್ದ ಫೋನೂ ಮುಳುಗಿ ಅಕ್ಕಿ ಡಬ್ಬಿ ಸೇರಿದೆ, ಅದಕ್ಕೇ ಈ ಕಾರ್ಡು.

ಅಪ್ಪನಿಗೆ ಮಾತ್ರ ನಾನು ಮುಳುಗಿದ್ದು ಹೇಳಬೇಡ. ಟ್ರ್ಯಾಕ್ಟರ್ ತಂದುಬಿಟ್ಟಾನು!

ನಿನ್ನ ಚಂದ್ರಿ