ಗೋಡೆಯ ಮೇಲಿನ ಕೆಮ್ಮಣ್ಣು

ನಾಚಾರಂ, ಹೈದರಾಬಾದ್
೧೯ ಮಾರ್ಚ್ ೨೦೦೬

ಪ್ರೀತಿಯ ಅಪ್ಪನಿಗೆ ಗಂಗಾಳ ಶರಣು.

ಈ ಕಥೆಯನ್ನು ನನಗೆ ಮೊದಲು ಹೇಳಿದವಳು ಶಂಕ್ರಮ್ಮ, ಹೋದ ಸೋಮವಾರ, ಅಕ್ಕಿ ಆರಿಸುತ್ತಾ. ಕಾಲೇಜಿನವರು ನನ್ನನ್ನು ತರಬೇತಿಗೆ ಕಳಿಸುವ ಕೂಲಿಕಾರರ ಕೇಂದ್ರದಲ್ಲಿ ಅಡುಗೆ ಮಾಡುವವಳು ಅವಳೇ. ಅವಳು ಹೇಳಿದ್ದು ಅರ್ಧ, ಉಳಿದರ್ಧ ನಾನೇ ಕಂಡದ್ದು.

ಮನಃಶಾಸ್ತ್ರದ ಜೊತೆ ಚಿತ್ರಕಲೆ ಓದಿ ಏನಾಗ್ತಿ, ಕಾಲ್ ಸೆಂಟರಿನವರು ಕರೆದಾರ, ಯುಗಾದಿಯೊಳಗ ಸೇರಿಬಿಡು ಎಂದು ಬರೆದಿದ್ದಿರಿ. ಬೈದು ಬರೆಯಲಿಲ್ಲ, ಕೇಳಿ ಬರೆದಿರಿ. ಅದಕ್ಕೇ ಋಣಿ. ಬೇರೆ ಅಪ್ಪಂದಿರಾಗಿದ್ದರೆ ಮೊದಲ ವರ್ಷವೇ ಬಸ್ಸು ಹತ್ತಿಸಿ ಕರೆದೊಯ್ಯುತ್ತಿದ್ದರು.

ಕೊನೆಯ ವರ್ಷದಲ್ಲಿ ಒಬ್ಬೊಬ್ಬರಿಗೂ ನೊಂದವರೊಬ್ಬರನ್ನು ಒಪ್ಪಿಸುತ್ತಾರೆ. ಬಾಯಿಬಿಟ್ಟು ಹೇಳಲಾಗದ್ದನ್ನು ಅವರು ಚಿತ್ರದಲ್ಲಿ ಹೇಳುವಂತೆ ಜೊತೆಗೆ ಕೂರುವುದು ನಮ್ಮ ಕೆಲಸ. ನನ್ನ ಪಾಲಿಗೆ ಬಂದವಳು ಸುಂದರಾಬಾಯಿ, ನಮ್ಮ ಕಡೆಯವಳೇ. ಕಟ್ಟುತ್ತಿದ್ದ ಐಟಿ ಕಟ್ಟಡವೊಂದರ ಬಿದಿರಿನ ಸಾರುವೆಯಿಂದ ಬಿದ್ದು ಗಂಡ ತೀರಿಕೊಂಡ ಮೇಲೆ ಅವಳು ಯಾರೊಡನೆಯೂ ಮಾತಾಡಿರಲಿಲ್ಲ. ಬಿಳಿ ಹಾಳೆ, ಕೆಂಪು ನೀಲಿ ಬಣ್ಣದ ಡಬ್ಬಿಗಳನ್ನು ಅವಳ ಮುಂದಿಟ್ಟೆ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಆರು ವಾರ ಹೀಗೇ ಆಯಿತು. ನನಗೆ ಈ ಕೆಲಸ ಬರುವುದಿಲ್ಲ, ಅಪ್ಪ ಹೇಳಿದ್ದೇ ಸರಿ ಅನ್ನಿಸಿತು.

ಸೋಮವಾರ ಶಂಕ್ರಮ್ಮ ನಕ್ಕಳು. “ನಿನಗ ಓದು ಬಂತು, ಬುದ್ಧಿ ಬರಲಿಲ್ಲ ನೋಡವ್ವ. ಆಕಿ ಜೋಡಿ ದವಾಖಾನಿಗೆ ನಾನೂ ಹೋಗಿದ್ದೆ. ಗಂಡನ ಹೆಣ ಕೊಡೋ ಮುಂದ ಹಿಂಗ ಬಿಳಿ ಹಾಳಿ ಇಟ್ಟು, ಬಣ್ಣದಾಗ ಹೆಬ್ಬಟ್ಟು ಅದ್ದಿಸಿ ಒತ್ತಿಸಿದ್ರು. ನೀ ವಾರಾ ವಾರಾ ಅದನ್ನ ತಂದು ಇಡಾಕತ್ತಿ” ಎಂದಳು.

ಅಕ್ಷರ ಬಲ್ಲವರಿಗೆ ಹಾಳೆ ಹಾಳೆಯೇ. ಅವಳಿಗೆ ಅದು ಗಂಡನನ್ನು ಬಿಟ್ಟುಕೊಟ್ಟ ಜಾಗ.

ಮರುವಾರ ಅಂತ ಕಾಯಲಿಲ್ಲ. ಬುಧವಾರವೇ ಹಾಳೆಗಳನ್ನು ಎತ್ತಿಟ್ಟು, ಬಕೆಟ್ಟಿನಲ್ಲಿ ಕೆಮ್ಮಣ್ಣು ಕಲಸಿ, ಕೇಂದ್ರದ ಹಿತ್ತಿಲ ಗೋಡೆ ಸಾರಿಸಲು ಕೂತೆ. ಅವ್ವ ಹಬ್ಬಕ್ಕೆ ಸಾರಿಸುತ್ತಾಳಲ್ಲ, ಹಾಗೆ. ನನ್ನ ಕೈಬಾರದ ಕೆಲಸ ನೋಡಲಾಗದೆ ಸುಂದರಾಬಾಯಿ ಎದ್ದು ಬಂದು ಅರಿವೆ ಕಸಿದುಕೊಂಡಳು. ಕೂಲಿ ಮುಗಿಸಿ ಬಂದ ಹೆಂಗಸರು ನೋಡುತ್ತ ನಿಂತರು. ಗೋಡೆಯ ಅರ್ಧ ಮುಗಿದಾಗ ಅವಳು ತುದಿಗಾಲಲ್ಲಿ ನಿಂತು, ತನ್ನ ತಲೆಗಿಂತ ಗೇಣು ಮೇಲೆ ಒಂದು ಅಡ್ಡ ಗೆರೆ ಎಳೆದಳು.

“ಇಷ್ಟೆತ್ತರ ಇದ್ದ” ಎಂದಳು. “ಗುಡಿಸಲಿಗೆ ಬರೋವಾಗ ದಿನಾ ತಲಿ ಬಡಕೊಳ್ತಿದ್ದ. ದಿನಾ ಬೈತಿದ್ದೆ.”

ಆಮೇಲೆ ಅತ್ತಳು, ಅವನ ಬಗ್ಗೆ ಹೇಳುತ್ತಲೇ ಹೋದಳು. ನಾನು ಮಣ್ಣಿನ ಬಕೆಟ್ಟನ್ನು ಅವಳ ಬಳಿಗೆ ಸರಿಸಿ ಕೇಳುತ್ತ ಕೂತೆ. ನಡುವೆ ಬಾಯಿ ಹಾಕದೆ ಕೂರುವುದೇ ಪಾಠದ ಕಷ್ಟದ ಭಾಗ ಎಂದು ನಮ್ಮ ಕಾಲೇಜಿನ ನಳಿನಿ ಮೇಡಂ ಹೇಳುತ್ತಿರುತ್ತಾರೆ.

ಏನಾಗ್ತಿ ಎಂದಿರಲ್ಲ. ಆಸ್ಪತ್ರೆ, ವಿಶೇಷ ಮಕ್ಕಳ ಶಾಲೆ, ವೃದ್ಧಾಶ್ರಮಗಳಲ್ಲಿ ಕೆಲಸ ಉಂಟು. ಆದರೆ ಈ ಡಿಗ್ರಿ ಬರೀ ಹೊಸ್ತಿಲು, ಇನ್ನೂ ಎರಡು ವರ್ಷ ಓದಬೇಕು. ಈ ಮಾತನ್ನು ನಿಮ್ಮಿಂದ ಇಷ್ಟು ದಿನ ಮುಚ್ಚಿಟ್ಟಿದ್ದೆ.

ಅವ್ವನಿಗೆ ನೆನಪು ಹೇಳಿ. ನನ್ನನ್ನು ಇಲ್ಲಿಯವರೆಗೆ ಕಳಿಸಿದ್ದಕ್ಕೆ ಇಬ್ಬರಿಗೂ ಶರಣು.

ನಿಮ್ಮ ಮಗಳು,
ಗಂಗಾ

ತಾ.ಕ.: ಇನ್ನೊಂದು ಮುಚ್ಚಿಟ್ಟಿದ್ದೇನೆ. ಗುರುವಾರ ಬೆಳಿಗ್ಗೆ ಕಾಲ್ ಸೆಂಟರಿಗೆ ಹೋಗಿ ಕೆಲಸಕ್ಕೆ ಸೇರುವ ಕಾಗದಕ್ಕೆ ಸಹಿ ಹಾಕಬೇಕಿತ್ತು, ಅದೇ ಕೊನೆಯ ದಿನ. ಒಳ್ಳೆಯ ಸೀರೆ ಉಟ್ಟು ಹೊರಟವಳು, ದಾರಿಯಲ್ಲೇ ಇರುವ ಕೇಂದ್ರಕ್ಕೆ ಒಂದು ಗಳಿಗೆ ಹೊಕ್ಕೆ. ಹಿಂದಿನ ದಿನ ಸುಂದರಾಬಾಯಿಯ ಮಾತು ಕೇಳಿದ್ದ ಹೆಂಗಸರು ಕೆಲಸದ ಲಾರಿ ಬರುವ ಮೊದಲೇ ಹಿತ್ತಿಲಲ್ಲಿ ಸಾಲಾಗಿ ನಿಂತಿದ್ದರು. ಊರಲ್ಲಿ ಬಿಟ್ಟು ಬಂದ ಮಕ್ಕಳು ಎಷ್ಟೆತ್ತರ ಎಂದು ಒಬ್ಬೊಬ್ಬರೂ ಗೋಡೆಗೆ ಕೈ ಇಟ್ಟು ನೋಡುತ್ತಿದ್ದರು. “ಈ ವರ್ಷ ಇಷ್ಟಾಗ್ಯಾನೇನೋ” ಎನ್ನುತ್ತ ಒಬ್ಬಳು ಕೈಯನ್ನು ಸ್ವಲ್ಪ ಮೇಲೆ ಸರಿಸಿದಳು. ನಾನು ಸೀರೆ ಎತ್ತಿ ಕಟ್ಟಿ ಮಣ್ಣು ಕಲಸಲು ಕೂತೆ.